ಕೆಂಗೂದಲ ಯಾಜಕ ವಿವಾಲ್ಡಿ ಮತ್ತು ಅವರ ಸ್ವರಲಿಪಿ ಭಂಡಾರ

ಪಾಶ್ಚಾತ್ಯ ಸಂಗೀತದ ಗಂಧವಿಲ್ಲದವರೂ ‘ನಾಲ್ಕು ಋತುಗಳು’ ಎಂಬ ಪಿಟೀಲು ರಚನೆಯ ಒಂದು ತುಣುಕನ್ನಾದರೂ ಎಲ್ಲೋ ಕೇಳಿರುತ್ತಾರೆ. ಮದುವೆಯ ಸತ್ಕಾರಕೂಟಗಳಲ್ಲಿ, ಜಾಹೀರಾತುಗಳ ಹಿನ್ನೆಲೆಯಲ್ಲಿ, ದೂರವಾಣಿಯ ಆ ಕಡೆಯವರು ಮಾತಿಗೆ ಸಿಗುವ ತನಕ ಕೇಳಿಬರುವ ನಾದದಲ್ಲಿ ಅದು ನಮ್ಮ ಕಿವಿಗೆ ಬಿದ್ದಿದೆ. ಅದನ್ನು ರಚಿಸಿದ ಆಂಟೋನಿಯೋ ವಿವಾಲ್ಡಿ ಒಬ್ಬ ಕಥೋಲಿಕ ಯಾಜಕರಾಗಿದ್ದರು ಎಂಬುದು ಮಾತ್ರ ಬಹುಮಂದಿಗೆ ತಿಳಿಯದು. ಅವರ ಕೃತಿರಾಶಿಯ ಬಹುಭಾಗ ಸುಮಾರು ಇನ್ನೂರು ವರ್ಷಗಳ ಕಾಲ ಶ್ರೀಮಂತರ ಕಪಾಟುಗಳಲ್ಲಿ ಅಡಗಿದ್ದು, ಕೊನೆಗೆ ಸಂತ ಡಾನ್ ಬಾಸ್ಕೋ ಅವರ ಸಭೆಯ ಒಂದು ಶಾಲೆಯಿಂದ ಬೆಳಕಿಗೆ ಬಂದಿತೆಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು. ಆ ಭಂಡಾರ ಸಿಗದೆ ಹೋಗಿದ್ದರೆ ವಿವಾಲ್ಡಿಯವರನ್ನು ಲೋಕವು ಒಳ್ಳೆಯ ಪಿಟೀಲುವಾದಕ, ಆದರೆ ಯಾಜಕತ್ವವನ್ನು ಅಲಕ್ಷಿಸಿ ರಂಗಭೂಮಿಯ ಹಿಂದೆ ಹೋದ ಮನುಷ್ಯ ಎಂದಷ್ಟೇ ನೆನೆಯುತ್ತಿತ್ತು.

1678ರ ಮಾರ್ಚ್ 4ರಂದು ವೆನಿಸ್ ನಗರದಲ್ಲಿ ಅವರ ಜನನವಾಯಿತು. ಕೂಸು ಬದುಕುವುದೇ ಅನುಮಾನವೆನಿಸಿ ಸೂಲಗಿತ್ತಿಯೇ ಮನೆಯಲ್ಲಿ ತುರ್ತಾಗಿ ಜ್ಞಾನಸ್ನಾನ ಕೊಟ್ಟಳು. ಎರಡು ತಿಂಗಳ ಬಳಿಕ, ಮೇ 6ರಂದು, ಸಾನ್ ಜೊವಾನ್ನಿ ಇನ್ ಬ್ರಾಗೊರಾ ದೇವಾಲಯದಲ್ಲಿ ಉಳಿದ ವಿಧಿಗಳು ನೆರವೇರಿದವು. ತಂದೆ ಜೊವಾನ್ನಿ ಬಾಟಿಸ್ಟಾ ಬ್ರೆಷಿಯಾ ಪಟ್ಟಣದಿಂದ ಬಂದವರು. ಮೊದಲು ಕ್ಷೌರಿಕ ವೃತ್ತಿ, ಆಮೇಲೆ ಪಿಟೀಲು. ತಾಯಿ ಕಮಿಲ್ಲಾ ದರ್ಜಿಯೊಬ್ಬರ ಮಗಳು. 1685ರಲ್ಲಿ ತಂದೆಗೆ ಸಂತ ಮಾರ್ಕರ ಮಹಾದೇವಾಲಯದ ವಾದ್ಯವೃಂದದಲ್ಲಿ ಸ್ಥಾನ ದೊರೆಯಿತು. ಅಲ್ಲಿನ ದಾಖಲೆಯಲ್ಲಿ ಅವರ ಹೆಸರು ಕೆಂಪು ಎಂಬ ಅರ್ಥದ ಅಡ್ಡಹೆಸರಿನೊಡನೆ ನಮೂದಾಗಿದೆ. ತಂದೆಯ ಕೆಂಗೂದಲು ಮಗನಿಗೂ ಬಂದಿತ್ತು. ಮುಂದೆ ವೆನಿಸ್ ಜನತೆ ಮಗನನ್ನು ಕೆಂಪು ಯಾಜಕ ಎಂದೇ ಕರೆಯಿತು.

ಬಡ ಕುಟುಂಬದ ಹಿರಿಯ ಮಗನನ್ನು ಯಾಜಕತ್ವಕ್ಕೆ ಕಳುಹಿಸುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿ. ವಿದ್ಯೆ ದೊರೆಯುತ್ತಿತ್ತು, ಸಮಾಜದಲ್ಲಿ ಸ್ಥಾನ ಸಿಗುತ್ತಿತ್ತು. ಆಂಟೋನಿಯೋ 15ನೆಯ ವಯಸ್ಸಿನಲ್ಲಿ, 1693ರಲ್ಲಿ, ಮೊದಲ ಮೆಟ್ಟಿಲು ಏರಿದರು. ಗುರುಮಠದಲ್ಲಿ ವಾಸಿಸದೆ, ಮನೆಯಲ್ಲಿದ್ದುಕೊಂಡೇ ಎರಡು ಧರ್ಮಕೇಂದ್ರಗಳ ಗುರುಗಳ ಬಳಿ ತರಬೇತಿ ಪಡೆದರು. ಹತ್ತು ವರ್ಷಗಳ ತರುವಾಯ, 1703ರ ಮಾರ್ಚ್ 23ರಂದು, ಅವರಿಗೆ ಗುರುದೀಕ್ಷೆಯಾಯಿತು. ಈ ಹತ್ತು ವರ್ಷಗಳಲ್ಲಿ ತಂದೆಯ ಬಳಿ ಕುಳಿತು ಪಿಟೀಲನ್ನೂ ಕಲಿಯುತ್ತಿದ್ದರು. ಬಲಿಪೀಠ ಮತ್ತು ಪಿಟೀಲು ಎರಡೂ ಅವರ ಪಾಲಿಗೆ ಒಟ್ಟೊಟ್ಟಿಗೇ ಬಂದವು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಪಿಯೆತಾ ಅನಾಥಾಲಯಕ್ಕೆ ಪಿಟೀಲು ಶಿಕ್ಷಕರಾಗಿ ಸೇರಿದರು. ವಾರ್ಷಿಕ ವೇತನ 60 ಡ್ಯುಕಟ್ ನಾಣ್ಯಗಳು.

ಪಿಯೆತಾದ ಕುರಿತು ಇಲ್ಲಿ ನಾಲ್ಕು ಮಾತು ಹೇಳಲೇಬೇಕು. 14ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬರು, ಹೆತ್ತವರು ಬಿಟ್ಟುಹೋದ ಶಿಶುಗಳ ರಕ್ಷಣೆಗಾಗಿ ಇದನ್ನು ಸ್ಥಾಪಿಸಿದರು. ಗೋಡೆಯಲ್ಲಿ ಒಂದು ಕಿಂಡಿ. ಕತ್ತಲಲ್ಲಿ ಬಂದು ಕೂಸನ್ನು ಅದರೊಳಗೆ ಇರಿಸಿ ಹೋದರೆ ಒಳಗಿನವರು ಎತ್ತಿಕೊಳ್ಳುತ್ತಿದ್ದರು. ತಾಯಿ ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಗಂಡುಮಕ್ಕಳು ಬೆಳೆದ ಮೇಲೆ ಕಸುಬು ಕಲಿತು ಹೊರಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಕಂಠವೋ ಕೈಯೋ ಸಂಗೀತಕ್ಕೆ ಒಗ್ಗುವಂಥವರನ್ನು ಆರಿಸಿ ಗಾನವೃಂದಕ್ಕೆ ಸೇರಿಸಲಾಗುತ್ತಿತ್ತು. ವೆನಿಸ್ಸಿನಲ್ಲಿ ಇಂಥ ನಾಲ್ಕು ಸಂಸ್ಥೆಗಳಿದ್ದವು, ನಾಲ್ಕರಲ್ಲೂ ಸಂಗೀತವಿತ್ತು. ಹಬ್ಬದ ದಿನಗಳಲ್ಲಿ ಸಂಧ್ಯಾ ಪ್ರಾರ್ಥನೆಗೆ ಊರ ಶ್ರೀಮಂತರೂ ಯುರೋಪಿನ ಮೂಲೆಮೂಲೆಗಳ ಪ್ರವಾಸಿಗಳೂ ಬಂದು ತುಂಬುತ್ತಿದ್ದರು. ಹುಡುಗಿಯರು ಮೇಲಿನ ಮೊಗಸಾಲೆಯಲ್ಲಿ, ಕಬ್ಬಿಣದ ಜಾಲಂಧ್ರದ ಹಿಂದೆ ನಿಂತು ಹಾಡುತ್ತಿದ್ದರು. ಕೆಳಗಿನವರಿಗೆ ಧ್ವನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಭಕ್ತರು ನೀಡಿದ ಕಾಣಿಕೆ ಮತ್ತೆ ಅನಾಥ ಮಕ್ಕಳ ಅನ್ನಕ್ಕೇ ಸೇರುತ್ತಿತ್ತು.

ಈ ಹುಡುಗಿಯರಿಗೆ ಮನೆತನದ ಹೆಸರು ಇರಲಿಲ್ಲ. ನುಡಿಸುವ ವಾದ್ಯವೇ ಅವರ ಉಪನಾಮವಾಗುತ್ತಿತ್ತು. ವಿವಾಲ್ಡಿಯವರ ಶಿಷ್ಯೆಯರಲ್ಲಿ ಅತ್ಯಂತ ಖ್ಯಾತಳಾದವಳನ್ನು ಪಿಟೀಲಿನ ಅನ್ನಾ ಮರಿಯಾ ಎಂದು ಕರೆಯುತ್ತಿದ್ದರು. ಆಕೆಗಾಗಿ ಗುರು ಬರೆದ ಕನ್ಸರ್ಟೊಗಳು, ಅಂದರೆ ಒಂದು ವಾದ್ಯ ಮುಂದೆ ನಿಂತು ಇಡೀ ವಾದ್ಯವೃಂದದೊಡನೆ ಸಂವಾದ ನಡೆಸುವ ರಚನೆಗಳು, ಇಂದಿಗೂ ಪಿಟೀಲುವಾದಕರ ಬೆರಳುಗಳನ್ನು ಪರೀಕ್ಷಿಸುತ್ತವೆ. ತಾಯಿ ತಂದೆ ಯಾರೆಂದು ತಿಳಿಯದ ಮಗುವಿನ ಕೈಗೆ ಇಷ್ಟು ಕಠಿನವಾದ ಸಂಗೀತವನ್ನು ಒಪ್ಪಿಸುವ ಗುರುವಿಗೆ ಆ ಮಗುವಿನ ಮೇಲೆ ಎಷ್ಟು ಭರವಸೆ ಇದ್ದಿರಬೇಕು!

ಇಷ್ಟಾದರೂ ಆ ಸಂಸ್ಥೆಯ ಆಡಳಿತಗಾರರು ವರ್ಷ ವರ್ಷವೂ ಮತ ಹಾಕಿ ಶಿಕ್ಷಕರನ್ನು ಉಳಿಸಿಕೊಳ್ಳುವ ಕ್ರಮವಿತ್ತು. 1709ರಲ್ಲಿ ವಿವಾಲ್ಡಿಯವರ ಕೆಲಸ ಹೋಯಿತು. 1711ರಲ್ಲಿ ಮರಳಿ ಬಂದಿತು. ಹೀಗೆ ಹೋಗುತ್ತಾ ಬರುತ್ತಾ ಅವರು ಪಿಯೆತಾದೊಡನೆ ಸುಮಾರು ಮೂರೂವರೆ ದಶಕಗಳ ಸಂಬಂಧವನ್ನು ಇರಿಸಿಕೊಂಡರು.

ಅವರ ಜೀವನದ ಅತ್ಯಂತ ಚರ್ಚಿತವಾದ ವಿಷಯ ಇನ್ನೊಂದು. ದೀಕ್ಷೆಯಾಗಿ ಒಂದು ವರ್ಷ ಅಥವಾ ತುಸು ಹೆಚ್ಚು ಕಾಲ ಬಲಿಪೂಜೆ ಅರ್ಪಿಸಿದ ಅವರು ಆಮೇಲೆ ಅದನ್ನು ಸಂಪೂರ್ಣವಾಗಿ ನಿಲ್ಲಿಸಿದರು. ಇದರ ಸುತ್ತ ಕಥೆಗಳು ಹುಟ್ಟಿಕೊಂಡವು. ಪೂಜೆಯ ನಡುವೆ ಹೊಸ ರಾಗವೊಂದು ಹೊಳೆದಾಗ ಬಲಿಪೀಠ ಬಿಟ್ಟು ಪಕ್ಕದ ಕೋಣೆಗೆ ಓಡಿ ಬರೆದುಕೊಂಡು ಬಂದರೆಂದೂ, ಅದಕ್ಕಾಗಿ ಧರ್ಮಾಧಿಕಾರಿಗಳು ಅವರನ್ನು ನಿಷೇಧಿಸಿದರೆಂದೂ ಒಂದು ಕಥೆ ಹಳೆಯ ಸಂಗೀತ ಕೋಶಗಳಲ್ಲಿ ಮೆರೆಯಿತು. ಕಥೆ ರಸವತ್ತಾಗಿದೆ, ಆಧಾರ ಮಾತ್ರ ಇಲ್ಲ. ಅವರೇ ವೃದ್ಧಾಪ್ಯದ ಹೊಸ್ತಿಲಲ್ಲಿ ಬರೆದ ಪತ್ರವೊಂದು ಬೇರೆಯೇ ಕಾರಣ ಹೇಳುತ್ತದೆ. ಹುಟ್ಟಿನಿಂದಲೇ ಎದೆ ಬಿಗಿಯುವ ಕಾಯಿಲೆಯಿಂದ ನರಳುತ್ತಿದ್ದುದಾಗಿಯೂ, ಅದೇ ಕಾರಣದಿಂದ ಮೂರು ಸಲ ಪೂಜೆಯನ್ನು ಮುಗಿಸಲಾಗದೆ ಬಲಿಪೀಠದಿಂದ ಇಳಿಯಬೇಕಾಯಿತೆಂದೂ, ಯಾರ ಆಜ್ಞೆಯಿಂದಲೂ ನಿಲ್ಲಿಸಿದ್ದಲ್ಲವೆಂದೂ ಅದರಲ್ಲಿ ವಿವರಿಸಿದ್ದಾರೆ. ಇಂದಿನ ಅನೇಕ ವಿದ್ವಾಂಸರು ಅದನ್ನು ಆಸ್ತಮಾ ಎಂದು ಊಹಿಸುತ್ತಾರೆ. ಪೂಜೆ ಮಾಡಲಾಗದವರು ಇಟಲಿಯಿಡೀ ಪ್ರಯಾಣ ಮಾಡಿ ಒಪೆರಾ ನಡೆಸಿದ್ದು ಹೇಗೆ ಎಂಬ ಪ್ರಶ್ನೆಯನ್ನು ಅಂದೂ ಕೇಳಿದರು, ಇಂದೂ ಕೇಳುವವರಿದ್ದಾರೆ. ಆದರೆ ಉಸಿರು ಸಿಗದ ಭೀತಿ ಎಂಥದೆಂದು ಗೂರಲಿನವರನ್ನು ಮನೆಯಲ್ಲಿ ಕಂಡವರು ಬಲ್ಲರು. ಅದು ಹೇಳಿ ಕೇಳಿ ಬರುವುದಿಲ್ಲ.

ಪಿಯೆತಾದ ಗಾನಗುರು ಗಾಸ್ಪರೀನಿ 1713ರಲ್ಲಿ ರಜೆಯ ಮೇಲೆ ಹೋದವರು ಮರಳಲಿಲ್ಲ. ಆಗ ದೇವಾಲಯಕ್ಕೆ ಬೇಕಾದ ಭಕ್ತಿಸಂಗೀತವನ್ನು ಬರೆಯುವ ಹೊಣೆ ಪಿಟೀಲು ಶಿಕ್ಷಕರ ಹೆಗಲಿಗೆ ಬಂದಿತು. ಎರಡು ವರ್ಷಗಳಲ್ಲಿ ಅವರು ಒಂದು ಪೂರ್ಣ ಬಲಿಪೂಜೆಗೆ, ಸಂಧ್ಯಾ ಪ್ರಾರ್ಥನೆಗೆ, ಒಂದು ಒರಟೋರಿಯೊ ಕೃತಿಗೆ ಮತ್ತು ಮೂವತ್ತಕ್ಕೂ ಹೆಚ್ಚು ಭಕ್ತಿಗೀತೆಗಳಿಗೆ ಸಂಗೀತ ರಚಿಸಿದರು. ಅದನ್ನು ಮೆಚ್ಚಿ 1715ರಲ್ಲಿ ಆಡಳಿತಗಾರರು 50 ಡ್ಯುಕಟ್ ಬಹುಮಾನ ಕೊಟ್ಟ ದಾಖಲೆ ಇದೆ. ಭಾನುವಾರ ಮತ್ತು ಹಬ್ಬದ ಪೂಜೆಗಳಲ್ಲಿ ನಾವು ಹಾಡುವ ಮಹಿಮಾಗೀತೆಗೆ, ಅಂದರೆ ‘ಗ್ಲೋರಿಯಾ’ಗೆ, ಅವರು ಮಾಡಿದ ಎರಡು ಸಂಯೋಜನೆಗಳು ಉಳಿದಿವೆ, ಹನ್ನೆರಡು ಭಾಗಗಳುಳ್ಳ ಸುಪ್ರಸಿದ್ಧ ಸಂಯೋಜನೆ ಈ ಕಾಲಕ್ಕೇ ಸೇರಿದ್ದೆಂದು ತಜ್ಞರ ಅಭಿಪ್ರಾಯ. ಆ ಸ್ವರಲಿಪಿಯಲ್ಲಿ ಗಂಡುದನಿಯ ಸಾಲುಗಳೂ ಇವೆ. ಪಿಯೆತಾದಲ್ಲಿ ಅವನ್ನೂ ಹೆಂಗಸರೇ ಹಾಡುತ್ತಿದ್ದರು.

1716ರಲ್ಲಿ ‘ವಿಜಯಿನಿ ಜೂಡಿತ್’ ಬಂದಿತು. ತುರ್ಕರ ಸೇನೆ ಕೊರ್ಫು ದ್ವೀಪಕ್ಕೆ ಮುತ್ತಿಗೆ ಹಾಕಿದ್ದ ವರ್ಷವದು. ವೆನಿಸ್ ಗಣರಾಜ್ಯದ ಜೀವವೇ ಕೈಯಲ್ಲಿತ್ತು. ಪವಿತ್ರ ಗ್ರಂಥದ ಜೂಡಿತ್ ವಿಧವೆ ಶತ್ರು ಸೇನಾಪತಿ ಹೊಲೊಫೆರ್ನಿಸನ ಗುಡಾರಕ್ಕೆ ಹೋಗಿ ತನ್ನ ಜನರನ್ನು ಉಳಿಸಿದ ಕಥೆಯನ್ನು ಲತೀನ್ ಭಾಷೆಯಲ್ಲಿ ಹಾಡಲಾಯಿತು. ಹೊಲೊಫೆರ್ನಿಸನ ಪಾತ್ರವನ್ನೂ ಹಾಡಿದವಳು ಜಾಲಂಧ್ರದ ಹಿಂದಿನ ಒಬ್ಬ ಅನಾಥ ಹೆಣ್ಣುಮಗಳೇ. ವಿವಾಲ್ಡಿಯವರ ಒರಟೋರಿಯೊಗಳಲ್ಲಿ ಸಂಗೀತ ಸಮೇತ ಉಳಿದಿರುವುದು ಇದೊಂದೇ.

ದೇವಾಲಯದ ಹೊರಗೂ ಅವರ ಕೀರ್ತಿ ಹಬ್ಬಿತು. 1711ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಮುದ್ರಣವಾದ ಹನ್ನೆರಡು ಕನ್ಸರ್ಟೊಗಳ ಸಂಪುಟ ಯುರೋಪಿನ ಉದ್ದಗಲಕ್ಕೆ ಮಾರಾಟವಾಯಿತು. ಜರ್ಮನಿಯ ತರುಣ ಬಾಖ್ ಅವುಗಳಲ್ಲಿ ಕೆಲವನ್ನು ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ವಾದ್ಯಗಳಿಗೆ ಅಳವಡಿಸಿಕೊಂಡು ಕಲಿತರು. ‘ನಾಲ್ಕು ಋತುಗಳು’ 1725ರ ಸಂಪುಟದಲ್ಲಿ ಪ್ರಕಟವಾಯಿತು. 1713ರಿಂದ ಒಪೆರಾ ಕ್ಷೇತ್ರಕ್ಕೂ ಇಳಿದು, ವೆನಿಸ್ಸಿನ ಸಾಂತ್ ಆಂಜೆಲೊ ರಂಗಮಂದಿರದಲ್ಲಿ ಸ್ವತಃ ವ್ಯವಸ್ಥಾಪಕರಾಗಿ ದುಡಿದರು. ಮಾಂಟುವಾ, ರೋಮ್, ಫ್ಲೋರೆನ್ಸ್, ವೆರೋನಾ ಹೀಗೆ ಊರೂರು ಸುತ್ತಿದರು. ರೋಮಿನಲ್ಲಿ ಜಗದ್ಗುರು ಪೋಪರ ಮುಂದೆಯೇ ನುಡಿಸಿದ್ದುದಾಗಿ ಅವರ ಪತ್ರ ಹೇಳುತ್ತದೆ. 1728ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿ ಅವರನ್ನು ಭೇಟಿಯಾಗಿ ಹಣ, ಬಂಗಾರದ ಸರ ಮತ್ತು ಪದಕ ನೀಡಿ ಗೌರವಿಸಿದರು. ಎರಡು ವರ್ಷಗಳಲ್ಲಿ ಮಂತ್ರಿಗಳೊಡನೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಹದಿನೈದು ದಿನಗಳಲ್ಲಿ ಈ ಯಾಜಕರೊಡನೆ ಆಡಿದರೆಂದು ಸಮಕಾಲೀನರೊಬ್ಬರು ಪತ್ರದಲ್ಲಿ ಬರೆದಿಟ್ಟಿದ್ದಾರೆ.

ನಾಟಕಕಾರ ಗೊಲ್ದೋನಿ 1735ರಲ್ಲಿ ಅವರ ಮನೆಗೆ ಹೋದಾಗ, ವಿವಾಲ್ಡಿಯವರು ಸ್ವರಲಿಪಿ ಮುಂದಿಟ್ಟುಕೊಂಡು, ಕೈಯಲ್ಲಿ ಯಾಜಕರ ದಿನಪ್ರಾರ್ಥನೆಯ ಪುಸ್ತಕ ಹಿಡಿದು, ಜಪ ಹೇಳುತ್ತಲೇ ವ್ಯವಹಾರ ಮಾತನಾಡಿದರಂತೆ. ಗೊಲ್ದೋನಿ ಇದನ್ನು ತುಸು ಹಾಸ್ಯವಾಗಿಯೇ ಚಿತ್ರಿಸಿದ್ದಾರೆ. ಬಲಿಪೂಜೆ ನಿಲ್ಲಿಸಿ ಮೂವತ್ತು ವರ್ಷ ಕಳೆದ ಮೇಲೂ ಆ ಪುಸ್ತಕ ಅವರ ಕೈಯಲ್ಲಿತ್ತೆಂಬುದನ್ನೇ ನಾವು ಗಮನಿಸಬಹುದು.

ಸಂಗೀತ ಭಂಡಾರ ಬೆಳೆದ ಬಗೆಗೆ ಈಗ ಬರೋಣ. ಮುದ್ರಕರು ಕೊಡುವ ಹಣ ಅಲ್ಪ; ಒಮ್ಮೆ ಅಚ್ಚಾದ ಮೇಲೆ ಯಾರು ಬೇಕಾದರೂ ನಕಲು ಮಾಡುವರು. ಆದ್ದರಿಂದ 1733ರ ವೇಳೆಗೆ ವಿವಾಲ್ಡಿಯವರು ಇನ್ನು ಮುದ್ರಣವೇ ಬೇಡವೆಂದು ನಿರ್ಧರಿಸಿ, ತಮ್ಮನ್ನು ಕಾಣಲು ಬಂದ ಆಂಗ್ಲ ಪ್ರವಾಸಿಗೆ ಹಸ್ತಪ್ರತಿಯೊಂದಕ್ಕೆ ಒಂದು ಗಿನಿ ಬೆಲೆ ಹೇಳಿದ್ದರು. ಮೂಲಪ್ರತಿ ಮನೆಯಲ್ಲೇ ಉಳಿಯುತ್ತಿತ್ತು. ನಕಲು ಮಾತ್ರ ಗಿರಾಕಿಗೆ. ಹೀಗೆ ಮನೆಯ ಮೂಲಪ್ರತಿಗಳ ರಾಶಿ ಬೆಳೆಯಿತು. ಅವರ ಬರವಣಿಗೆ ಅವಸರದ್ದು, ಮಸಿ ಹರಡಿದ್ದು, ಹೊಡೆದು ಹಾಕಿದ ಸಾಲುಗಳಿಂದ ತುಂಬಿದ್ದು. ನಡುನಡುವೆ ಇನ್ನೊಂದು ಅಚ್ಚುಕಟ್ಟಾದ ಕೈ ಕಾಣುತ್ತದೆ. ಅದು ಅವರ ತಂದೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. 1736ರಲ್ಲಿ ತೀರಿಕೊಳ್ಳುವ ತನಕ ಆ ಹಿರಿಯರು ಮಗನಿಗಾಗಿ ನಕಲು ಬರೆಯುತ್ತಿದ್ದರು. ಕೆಲವು ಹಸ್ತಪ್ರತಿಗಳ ತಲೆಯಲ್ಲಿ ಅಕ್ಷರಗಳನ್ನು ಒಂದರೊಳಗೊಂದು ಹೆಣೆದ ಸಣ್ಣ ಗುರುತೊಂದಿದೆ. ದೇವರಿಗೂ ದೇವಮಾತೆ ಮರಿಯಮ್ಮನವರಿಗೂ ಸ್ತುತಿ ಸಲ್ಲಿಸುವ ಲತೀನ್ ವಾಕ್ಯದ ಮೊದಲಕ್ಷರಗಳವು ಎಂದು ಬಲ್ಲವರು ಅದನ್ನು ಬಿಡಿಸಿ ಓದಿದ್ದಾರೆ.

1737ರ ನವೆಂಬರ್ ತಿಂಗಳು ಅವರಿಗೆ ದೊಡ್ಡ ಆಘಾತ ತಂದಿತು. ಫೆರಾರಾ ನಗರದಲ್ಲಿ ಒಪೆರಾ ನಡೆಸಲು ಹಣ ಹೂಡಿ, ಗಾಯಕರೊಡನೆ ಒಪ್ಪಂದ ಮಾಡಿ ಆಗಿತ್ತು. ಅಷ್ಟರಲ್ಲಿ ಅಲ್ಲಿನ ಕಾರ್ಡಿನಲ್ ರುಫ್ಫೊ ಅವರು ವಿವಾಲ್ಡಿ ತಮ್ಮ ನಗರಕ್ಕೆ ಕಾಲಿಡಕೂಡದೆಂದು ಆಜ್ಞೆ ಹೊರಡಿಸಿದರು. ಕಾರಣ ಎರಡು: ಯಾಜಕರಾಗಿಯೂ ಪೂಜೆ ಅರ್ಪಿಸುತ್ತಿಲ್ಲ, ಅನ್ನಾ ಜಿರೊ ಎಂಬ ಗಾಯಕಿಯೊಡನೆ ಸ್ನೇಹವಿದೆ. ಮೇಲೆ ಹೇಳಿದ ಪತ್ರವನ್ನು ಅವರು ಆಗ ಬರೆದದ್ದು, ಫೆರಾರಾದ ಗಣ್ಯ ಬೆಂತಿವೋಲ್ಯೊ ಅವರಿಗೆ. ಅನ್ನಾ ತಮ್ಮ ಮನೆಯಲ್ಲಿ ವಾಸಿಸುತ್ತಿಲ್ಲವೆಂದೂ, ಕಾಯಿಲೆಯಿಂದಾಗಿ ಕಾಲ್ನಡಿಗೆಯಲ್ಲಿ ಎಲ್ಲಿಗೂ ಹೋಗಲಾರದೆ ದೋಣಿಯನ್ನೋ ಗಾಡಿಯನ್ನೋ ಆಶ್ರಯಿಸುವುದಾಗಿಯೂ, ಪ್ರಯಾಣದಲ್ಲಿ ತಮ್ಮ ಕಾಯಿಲೆಯನ್ನು ಬಲ್ಲ ನಾಲ್ಕೈದು ಮಂದಿ ಜೊತೆಗಿರಬೇಕಾಗುತ್ತದೆಂದೂ ದೈನ್ಯದಿಂದ ತೋಡಿಕೊಂಡಿದ್ದಾರೆ. ಅನ್ನಾ ಕುರಿತು ಅಂದಿನ ಊರ ಬಾಯಿ ಆಡಿಕೊಂಡದ್ದಕ್ಕೆ ಪುರಾವೆಯೇನೂ ಇಂದಿನವರೆಗೆ ಸಿಕ್ಕಿಲ್ಲ. ಕಾರ್ಡಿನಲರ ನಿಲುವು ಬದಲಾಗಲಿಲ್ಲ. ಅವರೂ ತಮ್ಮ ಧರ್ಮಪ್ರಾಂತ್ಯದ ಗುರುಗಳ ಶಿಸ್ತಿಗಾಗಿ ಮಾಡಿದ್ದೆಂದು ಒಪ್ಪಬಹುದು. ಆದರೂ ಅರುವತ್ತರ ಅಂಚಿನಲ್ಲಿದ್ದ ರೋಗಿ ಯಾಜಕರೊಬ್ಬರಿಗೆ ಬಿದ್ದ ಈ ಪೆಟ್ಟು ಕಠೋರವಾಗಿತ್ತೆಂದೇ ಅನ್ನಿಸುತ್ತದೆ.

ವೆನಿಸ್ಸಿನಲ್ಲೂ ಅಭಿರುಚಿ ಬದಲಾಗಿತ್ತು. 1738ರಲ್ಲಿ ಪಿಯೆತಾದ ಕೆಲಸವೂ ಹೋಯಿತು. 1740ರಲ್ಲಿ ಇಪ್ಪತ್ತು ಕನ್ಸರ್ಟೊಗಳನ್ನು ಅದೇ ಸಂಸ್ಥೆಗೆ ಮಾರಿ, ಚಕ್ರವರ್ತಿಯ ಆಶ್ರಯ ಬಯಸಿ ವಿಯೆನ್ನಾಕ್ಕೆ ಹೊರಟರು. ದುರ್ದೈವವೆಂದರೆ ಆ ಅಕ್ಟೋಬರ್ 20ರಂದು ಆರನೆಯ ಚಾರ್ಲ್ಸ್ ತೀರಿಕೊಂಡರು. ಶೋಕಾಚರಣೆಗಾಗಿ ರಂಗಮಂದಿರಗಳು ಮುಚ್ಚಿದವು. ಸಾಮ್ರಾಜ್ಯ ಯುದ್ಧಕ್ಕೆ ಬಿದ್ದಿತು. ಮರುವರ್ಷ ಜುಲೈ 28ರಂದು, ಬಾಡಿಗೆ ಮನೆಯೊಂದರಲ್ಲಿ, ವಿವಾಲ್ಡಿಯವರು ಕೊನೆಯುಸಿರೆಳೆದರು. ಅದೇ ದಿನ ಆಸ್ಪತ್ರೆಗೆ ಸೇರಿದ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಒಟ್ಟು ಖರ್ಚು 19 ಫ್ಲೋರಿನ್ 45 ಕ್ರೈತ್ಸರ್ ಎಂದು ಲೆಕ್ಕದ ಪುಸ್ತಕ ತೋರಿಸುತ್ತದೆ. ಸಂತ ಸ್ಟೀಫನರ ಮಹಾದೇವಾಲಯದಲ್ಲಿ ಆಗ ಬಾಲಗಾಯಕನಾಗಿದ್ದ ಹೈಡನ್ ಅವರ ಅಂತ್ಯಕ್ರಿಯೆಯಲ್ಲಿ ಹಾಡಿದನೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅಲ್ಲಿ ಗಂಟೆ ಬಾರಿಸಿದ್ದಲ್ಲದೆ ಸಂಗೀತವೇ ಇರಲಿಲ್ಲವೆಂದು ಈಚಿನ ಸಂಶೋಧನೆ ತಿಳಿಸಿದೆ. ಆ ಸ್ಮಶಾನ ಇಂದಿಲ್ಲ. ಅಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಕಟ್ಟಡ ನಿಂತಿದೆ.

ನೂರಾರು ಹಸ್ತಪ್ರತಿಗಳು ಉಳಿದವು. ಅವರು ಸತ್ತ ಕೆಲವೇ ವರ್ಷಗಳಲ್ಲಿ ವೆನಿಸ್ಸಿನ ಗ್ರಂಥಪ್ರೇಮಿ ಯಾಕೊಪೊ ಸೊರಾಂಜೊ ಅವುಗಳನ್ನು ಕೊಂಡು 27 ಸಂಪುಟಗಳಾಗಿ ಕಟ್ಟಿಸಿಟ್ಟರು. ಅಲ್ಲಿಂದ ಅವು ಯೇಸುಸಭೆಯವರಾಗಿದ್ದ ಕನೋನಿಚಿ ಎಂಬ ಗುರುಗಳ ಕೈಗೆ, ಅಲ್ಲಿಂದ ವೆನಿಸ್ಸಿನಲ್ಲಿ ಆಸ್ಟ್ರಿಯಾದ ರಾಯಭಾರಿಯಾಗಿದ್ದ ಜಿನೋವಾದ ಕೌಂಟ್ ಜಾಕೊಮೊ ದುರಾಟ್ಸೊ ಅವರ ಕೈಗೆ ಬಂದವು. 1794ರಲ್ಲಿ ದುರಾಟ್ಸೊ ತೀರಿಕೊಂಡ ಮೇಲೆ ಜಿನೋವಾದ ಮನೆತನದ ಬಂಗಲೆಗೆ ಸೇರಿ ಕಣ್ಮರೆಯಾದವು. 1893ರಲ್ಲಿ ಮನೆತನದ ಇಬ್ಬರು ಸಹೋದರರು ಆಸ್ತಿ ಪಾಲು ಮಾಡಿಕೊಂಡಾಗ ಈ ಸಂಗ್ರಹವನ್ನೂ ಹೊಲಗದ್ದೆ ಹಂಚಿಕೊಂಡಂತೆ ಎರಡು ಪಾಲು ಮಾಡಿಬಿಟ್ಟರು!

ಇತ್ತ ಲೋಕ ವಿವಾಲ್ಡಿಯವರನ್ನು ಮರೆತಿತ್ತು. 19ನೆಯ ಶತಮಾನದಲ್ಲಿ ಬಾಖ್ ಅವರ ಕೃತಿಗಳನ್ನು ಶೋಧಿಸುತ್ತಿದ್ದ ಜರ್ಮನ್ ಪಂಡಿತರಿಗೆ ಈ ಹೆಸರು ಎದುರಾಯಿತು, ಅಷ್ಟೆ. ಅವರ ಸಂಗೀತ ಎಷ್ಟು ಅಪರಿಚಿತವಾಗಿತ್ತೆಂದರೆ, 20ನೆಯ ಶತಮಾನದ ಆರಂಭದಲ್ಲಿ ಪಿಟೀಲುವಾದಕ ಕ್ರೈಸ್ಲರ್ ತಾವೇ ಬರೆದ ಕೃತಿಯೊಂದನ್ನು ವಿವಾಲ್ಡಿಯದೆಂದು ನುಡಿಸಿದಾಗ ಎಲ್ಲರೂ ನಂಬಿದರು. ನಿಜ ಹೊರಬಿದ್ದದ್ದು 1935ರಲ್ಲಿ.

ಪಿಯೆಮಾಂಟ್ ಪ್ರಾಂತ್ಯದ ಬೊರ್ಗೊ ಸಾನ್ ಮಾರ್ತೀನೊ ಎಂಬ ಹಳ್ಳಿಯಲ್ಲಿ ಸಲೇಸಿಯನ್ ಸಭೆಯ ಸಂತ ಚಾರ್ಲ್ಸ್ ವಿದ್ಯಾಲಯವಿತ್ತು. ನಮ್ಮ ನಾಡಿನಲ್ಲೂ ಡಾನ್ ಬಾಸ್ಕೋ ಸಂಸ್ಥೆಗಳನ್ನು ಬಲ್ಲ ಓದುಗರಿಗೆ ಇದರ ಹಿನ್ನೆಲೆ ಆಸಕ್ತಿಕರವಾದೀತು. ತುರಿನ್ ನಗರದಾಚೆ ಡಾನ್ ಬಾಸ್ಕೋ ಅವರು ತೆರೆದ ಮೊದಲ ಶಾಲೆ 1863ರಲ್ಲಿ ಮಿರಬೆಲ್ಲೊದಲ್ಲಿ ಆರಂಭವಾಗಿತ್ತು. ಅದರ ಮೊದಲ ನಿರ್ದೇಶಕರು ಪುನೀತ ಮೈಕೆಲ್ ರೂವಾ. 1870ರಲ್ಲಿ ಅದೇ ಶಾಲೆ ಈ ಹಳ್ಳಿಗೆ ಸ್ಥಳಾಂತರವಾಯಿತು. 1922ರಲ್ಲಿ ತೀರಿಕೊಂಡ ಮಾರ್ಚೆಲ್ಲೊ ದುರಾಟ್ಸೊ ತಮ್ಮ ಪಾಲಿನ ಗ್ರಂಥಗಳನ್ನು ಈ ವಿದ್ಯಾಲಯಕ್ಕೆ ಉಯಿಲು ಬರೆದಿದ್ದರು.

1926ರಲ್ಲಿ ಶಾಲೆಯ ಕಟ್ಟಡ ದುರಸ್ತಿಗೆ ಹಣ ಬೇಕಾಯಿತು. ಹಳೆಯ ಪುಸ್ತಕಗಳನ್ನು ಮಾರುವ ಯೋಚನೆ ಬಂದಿತು. ಗುರುಗಳು ಬೆಲೆ ಕಟ್ಟಿಸಲು ತುರಿನ್ನಿನ ರಾಷ್ಟ್ರೀಯ ಗ್ರಂಥಾಲಯವನ್ನು ಸಂಪರ್ಕಿಸಿದರು. ಗ್ರಂಥಾಲಯದ ನಿರ್ದೇಶಕ ಲುಯಿಜಿ ತೊರ್ರಿ ಅವರು ವಿಶ್ವವಿದ್ಯಾಲಯದಲ್ಲಿ ಸಂಗೀತ ಇತಿಹಾಸ ಬೋಧಿಸುತ್ತಿದ್ದ ಆಲ್ಬೆರ್ತೊ ಜೆಂತೀಲಿ ಅವರಿಗೆ ಪೆಟ್ಟಿಗೆಗಳನ್ನು ತೋರಿಸಿದರು. ಅವುಗಳೊಳಗೆ ವಿವಾಲ್ಡಿಯವರ 14 ಸಂಪುಟಗಳಿದ್ದವು. ಗುರುಗಳು ಪೇಟೆಯ ಹಳೇ ಪುಸ್ತಕ ವ್ಯಾಪಾರಿಯ ಬಳಿಗೆ ನೇರವಾಗಿ ಹೋಗಿದ್ದರೆ ಹಾಳೆಗಳು ಬಿಡಿಬಿಡಿಯಾಗಿ ಚದುರಿಹೋಗುತ್ತಿದ್ದವು. ಹಾಗೆ ಮಾಡದೆ ಬಲ್ಲವರನ್ನು ಕೇಳಿದ್ದು ದೊಡ್ಡ ಪುಣ್ಯ.

ಗ್ರಂಥಾಲಯದ ಬಳಿ ಕೊಳ್ಳುವಷ್ಟು ಹಣವಿರಲಿಲ್ಲ. 1904ರ ಜನವರಿಯ ಬೆಂಕಿಯಲ್ಲಿ ಅದು ಅಮೂಲ್ಯ ಗ್ರಂಥಗಳನ್ನು ಕಳೆದುಕೊಂಡಿತ್ತು. ಆ ಗಾಯ ಇನ್ನೂ ಮಾಗಿರಲಿಲ್ಲ. ಆಗ ಮುಂದೆ ಬಂದವರು ಷೇರು ವ್ಯವಹಾರಸ್ಥ ರೊಬೆರ್ತೊ ಫೊವಾ. ಅವರ ಪುಟ್ಟ ಮಗ ಮೌರೊ ತೀರಿಕೊಂಡಿದ್ದ. ಮಗನ ನೆನಪಿಗೆಂದು ಸಂಗ್ರಹವನ್ನು ಕೊಂಡು 1927ರಲ್ಲಿ ಗ್ರಂಥಾಲಯಕ್ಕೆ ದಾನವಿತ್ತರು. ಅದಕ್ಕೆ ಮೌರೊ ಫೊವಾ ಸಂಗ್ರಹವೆಂದೇ ಹೆಸರಾಯಿತು.

ಸಂಪುಟಗಳ ಅಂಕೆಗಳು ನಡುನಡುವೆ ತಪ್ಪುತ್ತಿದ್ದುದನ್ನು ಕಂಡ ಜೆಂತೀಲಿ ಅವರಿಗೆ ಇದು ಅರ್ಧ ಮಾತ್ರವೆಂದು ಹೊಳೆಯಿತು. ವಂಶಾವಳಿ ಹಿಡಿದು ಹುಡುಕುತ್ತಾ ಜಿನೋವಾದಲ್ಲಿದ್ದ ವೃದ್ಧ ಜುಸೆಪ್ಪೆ ಮರಿಯಾ ದುರಾಟ್ಸೊ ಅವರ ಮನೆಯಲ್ಲಿ ಉಳಿದ ಅರ್ಧ ಸಿಕ್ಕಿತು. ಹಿರಿಯರು ಜಪ್ಪೆನ್ನಲಿಲ್ಲ. ವರ್ಷಗಳ ಮನವೊಲಿಕೆ ನಡೆಯಿತು. ಅವರ ಪಾಪನಿವೇದನೆಯ ಗುರುಗಳೂ ಬುದ್ಧಿ ಹೇಳಬೇಕಾಯಿತು. ಕೊನೆಗೆ 1930ರಲ್ಲಿ ಜವಳಿ ಉದ್ಯಮಿ ಫಿಲಿಪ್ಪೊ ಜೊರ್ದಾನೊ ಅದನ್ನು ಕೊಂಡುಕೊಟ್ಟರು. ಕಾಕತಾಳೀಯವೋ, ದೈವಚಿತ್ತವೋ, ಅವರೂ ರೆಂಜೊ ಎಂಬ ಎಳೆಯ ಮಗನನ್ನು ಕಳೆದುಕೊಂಡಿದ್ದರು. ಎರಡನೆಯ ಪಾಲಿಗೆ ಆ ಮಗನ ಹೆಸರು ಬಂದಿತು. ಯಾರೋ ಬಿಟ್ಟುಹೋದ ಮಕ್ಕಳಿಗೆ ಕಲಿಸುತ್ತಾ ಬದುಕಿದ ಯಾಜಕರ ಕೃತಿಗಳು ಹೀಗೆ ಎರಡು ಮನೆಗಳ ತೀರಿಹೋದ ಮಕ್ಕಳ ಹೆಸರಿನಲ್ಲಿ ಮತ್ತೆ ಒಂದೇ ಕಪಾಟಿಗೆ ಬಂದವು.

ಒಟ್ಟು ಸುಮಾರು 450 ಕೃತಿಗಳು. ಅವುಗಳಲ್ಲಿ ಸುಮಾರು 300 ಕನ್ಸರ್ಟೊಗಳು, ಹತ್ತಾರು ಒಪೆರಾಗಳು. ವ್ಯಾಕುಲಮಾತೆಯ ಗೀತೆ, ಗ್ಲೋರಿಯಾ, ಕೀರ್ತನೆಗಳು, ಜೂಡಿತಳ ಕಥೆ ಎಲ್ಲವೂ ಅಲ್ಲಿದ್ದವು. ವಿವಾಲ್ಡಿಯವರ ಜೀವಿತಕಾಲದಲ್ಲಿ ಅವರ ಒಂದೇ ಒಂದು ಭಕ್ತಿಕೃತಿಯೂ ಅಚ್ಚಾಗಿರಲಿಲ್ಲ. ಆದ್ದರಿಂದ 1926ರ ತನಕ ಅವರು ದೇವಾಲಯಕ್ಕಾಗಿ ಇಷ್ಟು ದುಡಿದಿದ್ದರೆಂಬುದೇ ಸಂಗೀತಲೋಕಕ್ಕೆ ಗೊತ್ತಿರಲಿಲ್ಲ.

ಈ ಸಾಹಸದ ಫಲ ಜೆಂತೀಲಿ ಅವರಿಗೆ ದಕ್ಕಲಿಲ್ಲ. ಅವರೂ ದಾನಿ ಫೊವಾ ಅವರೂ ಯೆಹೂದ್ಯರು. 1938ರಲ್ಲಿ ಮುಸೊಲಿನಿ ಸರ್ಕಾರ ಜನಾಂಗೀಯ ಕಾನೂನುಗಳನ್ನು ತಂದಾಗ ಜೆಂತೀಲಿ ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಲಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ, ಯುರೋಪಿನಲ್ಲಿ ಯುದ್ಧ ಆರಂಭವಾದ ತಿಂಗಳಲ್ಲೇ, ಸಿಯೆನಾ ನಗರದಲ್ಲಿ ಕಸೆಲ್ಲಾ ಅವರ ನೇತೃತ್ವದಲ್ಲಿ ವಿವಾಲ್ಡಿ ಸಪ್ತಾಹ ನಡೆಯಿತು. ಗ್ಲೋರಿಯಾ ಎರಡು ಶತಮಾನಗಳ ಬಳಿಕ ಮತ್ತೆ ಕೇಳಿಬಂದಿತು. ಅದನ್ನು ಹುಡುಕಿಕೊಟ್ಟವರು ಆ ವೇದಿಕೆಯಲ್ಲಿರಲಿಲ್ಲ. ಕಥೋಲಿಕ ಯಾಜಕರೊಬ್ಬರ ಸ್ತೋತ್ರವನ್ನು ನಮಗೆ ಉಳಿಸಿಕೊಟ್ಟವರಲ್ಲಿ ಈ ಇಬ್ಬರು ಯೆಹೂದ್ಯರ ಹೆಸರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕಾಗಿದೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ವೆನಿಸ್ಸಿನಲ್ಲಿ ವಿವಾಲ್ಡಿ ಸಂಸ್ಥೆ ಹುಟ್ಟಿತು. ಮಲಿಪಿಯೆರೊ ಅವರ ಸಂಪಾದಕತ್ವದಲ್ಲಿ ಮಿಲಾನಿನ ರಿಕೊರ್ದಿ ಪ್ರಕಾಶನ ವಾದ್ಯಕೃತಿಗಳನ್ನೆಲ್ಲ ಅಚ್ಚು ಮಾಡಿತು. ಆ ಕೆಲಸ ಮುಗಿದದ್ದು 1972ರಲ್ಲಿ. ಡೆನ್ಮಾರ್ಕಿನ ರ್‍ಯೂಮ್ ಎಂಬ ವಿದ್ವಾಂಸರು ಕೃತಿಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟರು. 2000ದಿಂದ ತುರಿನ್ನಿನ ಹಸ್ತಪ್ರತಿಗಳ ಧ್ವನಿಮುದ್ರಣವೂ ಒಂದೊಂದಾಗಿ ಹೊರಬರತೊಡಗಿತು.

ಹುಡುಕಾಟ ಅಲ್ಲಿಗೇ ನಿಂತಿಲ್ಲ. ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದಲ್ಲಿ ಗಲುಪ್ಪಿ ಎಂಬ ಇನ್ನೊಬ್ಬ ವೆನಿಸ್ ಸಂಗೀತಗಾರರ ಹೆಸರಿನಲ್ಲಿದ್ದ ಕೀರ್ತನೆಯೊಂದು ವಿವಾಲ್ಡಿಯವರದೇ ಎಂದು 2005ರಲ್ಲಿ ಆಸ್ಟ್ರೇಲಿಯಾದ ವಿದುಷಿ ಜಾನಿಸ್ ಸ್ಟಾಕಿಗ್ಟ್ ತೋರಿಸಿಕೊಟ್ಟರು. ವಿವಾಲ್ಡಿಯವರು ಸತ್ತ ಮೇಲೆ ವೆನಿಸ್ಸಿನ ಪ್ರತಿಗಾರನೊಬ್ಬ, ಆಗ ಬೇಡಿಕೆಯಲ್ಲಿದ್ದ ಗಲುಪ್ಪಿಯವರ ಹೆಸರು ಹಾಕಿ ಅದನ್ನು ಮಾರಿದ್ದ. ಅದು 110ನೆಯ ಕೀರ್ತನೆ. ಭಾನುವಾರದ ಸಂಧ್ಯಾ ಪ್ರಾರ್ಥನೆಯಲ್ಲಿ ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಇಂದಿಗೂ ಹೇಳುವಂಥದು. ರ್‍ಯೂಮ್ ಅವರ ಪಟ್ಟಿಯಲ್ಲಿ ಅದಕ್ಕೀಗ 807ನೆಯ ಸಂಖ್ಯೆ ಸಿಕ್ಕಿದೆ.